ಗಡಿಗೆ ಬಂದು ನಿಂತ ಸಕ್ಕರೆ

ರೋಣದಲ್ಲಿರುವ ನನ್ನ ಸ್ನೇಹಿತರೊಬ್ಬರು, ಶಾಲೆಯ ಕೆಲಸದಿಂದ ನಿವೃತ್ತರಾದವರು, ಈಚೆಗೆ ರಕ್ತಪರೀಕ್ಷೆಯ ಚೀಟಿಯನ್ನು ಮುಂದಿಟ್ಟು ಕೇಳಿದರು: “ಸಕ್ಕರಿ ಬಾರ್ಡರಿಗೆ ಬಂದೈತಂತ್ರೀ. ಮನ್ಯಾಗ ಮಷೀನ್ ಇಟ್ಟಕೊಂಡು ದಿನಾ ನೋಡಬೇಕೋ, ಬ್ಯಾಡೋ?” ಬರಿಹೊಟ್ಟೆಯ ಸಕ್ಕರೆ 112 ಎಂದು ಚೀಟಿಯಲ್ಲಿ ಬರೆದಿತ್ತು. ಬೆಂಗಳೂರಿನಲ್ಲಿರುವ ಮಗನು ಯಂತ್ರವನ್ನು ಕಳಿಸಲು ಸಿದ್ಧನಾಗಿದ್ದನು. ಮನೆಯವರು ಮಾತ್ರ ಇಲ್ಲದ ರೋಗವನ್ನು ಕರೆದು ಕೂಡ್ರಿಸಬೇಡಿರೆಂದು ಬೇಡುತ್ತಿದ್ದರು. ಇಬ್ಬರ ಮಾತಿನಲ್ಲಿಯೂ ಹುರುಳಿತ್ತು. ಆದುದರಿಂದಲೇ ಪ್ರಶ್ನೆ ಸುಲಭದ್ದಾಗಿರಲಿಲ್ಲ.

ಮಧುಮೇಹವು ನಮಗೆ ಹೊಸದಲ್ಲ. ಚರಕ, ಸುಶ್ರುತರು ಅದನ್ನು ಬಲ್ಲರು. ಆದರೆ ಈ ‘ಗಡಿ’ ಮಾತ್ರ ಹೊಸದು. ಹಿಂದಿನ ವೈದ್ಯರು ಬೆನೆಡಿಕ್ಟ್ ದ್ರಾವಣದಲ್ಲಿ ಮೂತ್ರದ ಕೆಲವು ಹನಿಗಳನ್ನು ಹಾಕಿ ಕಾಸುತ್ತಿದ್ದರು. ನೀಲಿಯು ಹಸಿರಾಗಿ, ಹಳದಿಯಾಗಿ, ಕೊನೆಗೆ ಇಟ್ಟಿಗೆಗೆಂಪಾದರೆ ರೋಗ ನಿಶ್ಚಯವಾಗುತ್ತಿತ್ತು. ಆದರೆ ರಕ್ತದಲ್ಲಿ ಸಕ್ಕರೆಯು ಸುಮಾರು 180ನ್ನು ಮೀರಿದ ಮೇಲೆಯೇ ಸಾಮಾನ್ಯವಾಗಿ ಅದು ಮೂತ್ರಕ್ಕೆ ಇಳಿಯುವುದು. 112ರವರ ದ್ರಾವಣ ನೀಲಿಯಾಗಿಯೇ ಉಳಿಯುತ್ತಿತ್ತು. ಅವರು ನಿಶ್ಚಿಂತೆಯಿಂದ ಮನೆಗೆ ಮರಳುತ್ತಿದ್ದರು.

ಇಂದು ನೇರವಾಗಿ ರಕ್ತವನ್ನೇ ಪರೀಕ್ಷಿಸುತ್ತಾರೆ. ರಾತ್ರಿಯ ಉಪವಾಸದ ತರುವಾಯ ಒಂದು ಡೆಸಿಲೀಟರ್ ರಕ್ತದಲ್ಲಿ 100ರಿಂದ 125 ಮಿಲಿಗ್ರಾಮ್ ಸಕ್ಕರೆಯಿದ್ದರೆ ಗಡಿಯೆಂದು ಅಮೆರಿಕದವರ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು 110ರಿಂದ ಎಣಿಸುತ್ತದೆ. 126 ಮುಟ್ಟಿತೆಂದರೆ ಮಧುಮೇಹ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಈ ಗಡಿಯ ಮೇಲೆ ನಿಂತವರು 13.6 ಕೋಟಿ. ನನ್ನ ಸ್ನೇಹಿತರು ಒಂಟಿಯಾಗಿರಲಿಲ್ಲ.

ಇನ್ನು ಯಂತ್ರದ ಮಾತು. ಮನೆಯ ಯಂತ್ರವು ನೂರರಲ್ಲಿ 15ರಷ್ಟು ಹೆಚ್ಚುಕಡಿಮೆ ತೋರಿಸಿದರೂ ಅಂತರರಾಷ್ಟ್ರೀಯ ನಿಯಮವು ಅದನ್ನು ಒಪ್ಪುತ್ತದೆ. ಅಂದರೆ ನಿಜವಾದ 112, ಒಮ್ಮೆ 96 ಎಂದು ಕಂಡೀತು. ಮತ್ತೊಮ್ಮೆ 128 ಎಂದು ಕಂಡೀತು. ಒಂದು ಚುಚ್ಚಿಗೆ ಆರೋಗ್ಯವಂತ, ಇನ್ನೊಂದು ಚುಚ್ಚಿಗೆ ರೋಗಿ! ಬೆಲ್ಲ ಮುರಿದ ಕೈಯನ್ನೋ ಮಾವಿನಹಣ್ಣು ಹಿಚುಕಿದ ಬೆರಳನ್ನೋ ತೊಳೆಯದೆ ಚುಚ್ಚಿದರಂತೂ ಅಂಕಿ ಎಲ್ಲಿಗೋ ಹಾರುತ್ತದೆ. ಗಡಿಯನ್ನು ದಾಟಿದೆವೋ ಇಲ್ಲವೋ ಎಂಬುದನ್ನು ಪ್ರಯೋಗಾಲಯವೇ ಹೇಳಬೇಕು, ಈ ಯಂತ್ರವಲ್ಲ.

ದಿನವೂ ನೋಡುವುದರಿಂದ ಸಕ್ಕರೆ ಇಳಿಯುವುದೆ? ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಇನ್ಸುಲಿನ್ ಪಡೆಯದ 450 ಮಂದಿ ಮಧುಮೇಹಿಗಳನ್ನು ಒಂದು ವರ್ಷ ಗಮನಿಸಿ 2017ರಲ್ಲಿ ವರದಿ ಮಾಡಿದರು. ದಿನವೂ ಚುಚ್ಚಿಕೊಂಡವರಿಗೂ ಚುಚ್ಚಿಕೊಳ್ಳದವರಿಗೂ ಸಕ್ಕರೆಯ ಹತೋಟಿಯಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಉತ್ತರ ಐರ್ಲೆಂಡಿನ 2008ರ ಅಧ್ಯಯನದಲ್ಲಿ, ರೋಗವು ಹೊಸದಾಗಿ ಗೊತ್ತಾದವರ ಪೈಕಿ ಅಳೆದುಕೊಳ್ಳುತ್ತಿದ್ದವರಲ್ಲಿಯೇ ಮನಸ್ಸಿನ ಕುಗ್ಗು ತುಸು ಹೆಚ್ಚಾಗಿತ್ತು. ರೋಗಿಗಳ ಗತಿಯೇ ಹೀಗಾದರೆ ಗಡಿಯಲ್ಲಿರುವವರಿಗೆ ನಿತ್ಯದ ಚುಚ್ಚಿನಿಂದ ಬರುವ ಲಾಭವೇನು? ನಿತ್ಯವೂ ಪರೀಕ್ಷೆಯನ್ನೇ ನಡೆಸುತ್ತಿದ್ದರೆ ಹುಡುಗನು ಓದುವುದು ಯಾವಾಗ ಎಂದು ಕೇಳಿದೆ. ಮಾಸ್ತರರು ನಕ್ಕರು.

ಓದಬೇಕಾದ ಪಾಠ ಬೇರೆಯಿದೆ. ಚೆನ್ನೈಯ ಡಾಕ್ಟರ್ ಎ. ರಾಮಚಂದ್ರನ್ ಮತ್ತು ಸಂಗಡಿಗರು ಗಡಿಯಲ್ಲಿದ್ದ 531 ಜನರನ್ನು ಆರಿಸಿಕೊಂಡು ನಡೆಸಿದ ಅಧ್ಯಯನವು 2006ರಲ್ಲಿ ಪ್ರಕಟವಾಯಿತು. ಸಾಮಾನ್ಯ ಸಲಹೆ ಮಾತ್ರ ಪಡೆದವರಲ್ಲಿ ಮೂರು ವರ್ಷಗಳೊಳಗೆ ನೂರಕ್ಕೆ 55 ಜನ ಮಧುಮೇಹಿಗಳಾದರು. ಊಟವನ್ನು ತಿದ್ದಿಕೊಂಡು ನಡಿಗೆಯನ್ನು ರೂಢಿಸಿಕೊಂಡವರಲ್ಲಿ ಸುಮಾರು 39 ಜನ. ಅಂತರವನ್ನು ತಂದದ್ದು ಊಟ ಮತ್ತು ನಡಿಗೆ.

ನಡಿಗೆಯೇ ನಮ್ಮ ಭಾಗದಲ್ಲಿ ಕಡಿಮೆಯಾಗುತ್ತಿದೆ. ನರಗುಂದದ ಎರೆಹೊಲದಲ್ಲಿ ಟ್ರ್ಯಾಕ್ಟರು ಎತ್ತಿನ ಜಾಗಕ್ಕೆ ಬಂದಿತು. ನೇಗಿಲಿನ ಹಿಂದೆ ಹೆಜ್ಜೆಯಿಡುತ್ತಿದ್ದವನು ಆಸನವನ್ನೇರಿದನು. ಗಜೇಂದ್ರಗಡದ ನೇಕಾರನು ಮಗ್ಗದ ಮುಂದೆ ಕುಳಿತೇ ಹೊತ್ತು ಕಳೆಯುತ್ತಾನೆ. ಊರ ಬಳಿಯ ಕಾಳಕಾಲೇಶ್ವರನ ಮೆಟ್ಟಿಲುಗಳು ಜಾತ್ರೆಯ ದಿನದ ಭಕ್ತಿಗೆ ಮಾತ್ರ ಎಂದೇನೂ ಇಲ್ಲವಷ್ಟೆ!

ಹಾಗಾದರೆ ಯಂತ್ರ ಬೇಡವೆ? ಕೇಳಬೇಕಾದ ಪ್ರಶ್ನೆಯೊಂದಿದ್ದರೆ ಬೇಕು. “ಹದಿನೈದು ದಿನ ಮಾತ್ರ ಇಟ್ಟುಕೊಳ್ಳಿರಿ, ಊಟವಾದ ಎರಡು ತಾಸಿಗೆ ನೋಡಿ, ತಾಟಿನಲ್ಲಿ ಏನಿತ್ತೆಂಬುದನ್ನೂ ಬರೆಯಿರಿ” ಎಂದೆ. ಅವರು ಹಾಗೆಯೇ ಮಾಡಿದರು. ಅನ್ನದ ದಿನಕ್ಕಿಂತ ಎರಡು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯದ ದಿನ ಅಂಕಿ ಕೆಳಗಿತ್ತು. ರೊಟ್ಟಿ ನಾಲ್ಕಾದ ದಿನ ಆ ಅಂತರ ಉಳಿಯಲಿಲ್ಲ. ಜೋಳವಾದರೂ ಪಿಷ್ಟವೇ ಎಂಬುದನ್ನು ಅವರು ತಮ್ಮ ಬೆರಳಿನಿಂದಲೇ ಕಲಿತರು. ಊಟದ ಮೇಲೆ ಅರ್ಧ ತಾಸು ಅಡ್ಡಾಡಿದ ದಿನ ಗಿರ್ಮಿಟ್ಟಿನ ಅಪರಾಧವೂ ತುಸು ಹಗುರವಾಗಿ ಕಂಡಿತಂತೆ.

ಎರಡು ಎಚ್ಚರಿಕೆಗಳು ಉಳಿದಿವೆ. ನೀರಡಿಕೆ, ಪದೇ ಪದೇ ಮೂತ್ರ, ಕಾರಣವಿಲ್ಲದೆ ಇಳಿಯುವ ತೂಕ ಇವು ಕಂಡರೆ ಮನೆಯಲ್ಲಿ ಚುಚ್ಚುತ್ತ ಕೂಡ್ರದೆ ವೈದ್ಯರಲ್ಲಿಗೆ ಹೋಗಬೇಕು; ಗರ್ಭಿಣಿಯರ ಮಾತೂ ಬೇರೆ, ಅವರು ವೈದ್ಯರು ಹೇಳಿದಂತೆಯೇ ನಡೆಯಬೇಕು. ಇನ್ನು ಮೂರು ತಿಂಗಳ ಸರಾಸರಿಯನ್ನು ಹೇಳುವ ‘ಎಚ್‌ಬಿಎ1ಸಿ’ ಪರೀಕ್ಷೆಯು ಕಬ್ಬಿಣದ ಕೊರತೆಯಿರುವವರಲ್ಲಿ ಇದ್ದುದಕ್ಕಿಂತ ಹೆಚ್ಚು ತೋರಿಸಬಹುದು. ರಕ್ತಹೀನತೆಯಿರುವ ಹೆಣ್ಣುಮಕ್ಕಳು ಅದನ್ನು ವೈದ್ಯರಿಗೆ ಮೊದಲೇ ತಿಳಿಸುವುದು ಒಳಿತು.

ಹದಿನಾರನೆಯ ದಿನ ಯಂತ್ರವು ಕಪಾಟನ್ನು ಸೇರಿತು. ಆರು ತಿಂಗಳಿಗೊಮ್ಮೆ ಪ್ರಯೋಗಾಲಯದಲ್ಲಿ ಪರೀಕ್ಷಿಸಿಕೊಳ್ಳುವುದೆಂದು ವೈದ್ಯರೊಡನೆ ನಿಶ್ಚಯವಾಗಿದೆ. ಮಗನಿಗೆ ಸಮಾಧಾನ, ಮನೆಯವರಿಗೆ ನೆಮ್ಮದಿ. ಮೊನ್ನೆ ಸಂಜೆ ಅವರ ಮನೆಗೆ ಹೋದರೆ ಬಾಗಿಲಿಗೆ ಬೀಗವಿತ್ತು. ಗಂಡಹೆಂಡಿರಿಬ್ಬರೂ ಅಡ್ಡಾಡಲು ಹೋಗಿದ್ದಾರೆಂದು ನೆರೆಯವರು ಹೇಳಿದರು.