ಬೆನ್ನಿನ ಚೀಲ ಹಿಂದಕ್ಕೆ ಎಳೆಯುವುದೇಕೆ?

ಮಕ್ಕಳೇ, ಕಾಮಾಕ್ಷಿಪಾಳ್ಯದ ಸಣ್ಣ ಕಾರ್ಖಾನೆಗಳ ಬೀದಿಯಲ್ಲಿ ಬೆನ್ನ ಮೇಲೆ ಮೂಟೆ ಹೊತ್ತು ಸಾಗುವವರನ್ನು ನೋಡಿದ್ದೀರಾ? ಅವರು ಮುಂದಕ್ಕೆ ಬಾಗಿಯೇ ನಡೆಯುತ್ತಾರೆ. ಏಕೆ?

ಯಾವುದೇ ವಸ್ತುವಿನ ತೂಕವೆಲ್ಲ ಒಂದು ಬಿಂದುವಿನಲ್ಲಿ ಸೇರಿದೆ ಎಂದು ಭಾವಿಸಬಹುದು. ಆ ಬಿಂದುವೇ ಗುರುತ್ವ ಕೇಂದ್ರ. ನಾವು ನೆಟ್ಟಗೆ ನಿಂತಾಗ ಅದು ಹೊಕ್ಕುಳಿನ ಆಸುಪಾಸಿನಲ್ಲಿ, ಪಾದಗಳಿಗೆ ನೇರವಾಗಿ ಮೇಲೆ ಇರುತ್ತದೆ. ಬೆನ್ನಿಗೆ ಭಾರ ಹೇರಿದರೆ ಹಿಂದಕ್ಕೆ ಸರಿಯುತ್ತದೆ. ಪಾದಗಳ ಹಿಂದೆ ಹೋದರೆ ನಾವು ಬೀಳುತ್ತೇವೆ! ಹಾಗಾಗದಿರಲೆಂದೇ ದೇಹ ಮುಂದಕ್ಕೆ ಬಾಗುತ್ತದೆ.

ಸ್ಕೌಟ್ಸ್‌ನ ಹಿರಿಯ ವಿಭಾಗದವರನ್ನು ರೋವರ್‌ಗಳು ಎನ್ನುತ್ತಾರೆ. ಇಂಥವರು ಒಂದು ವಾರ ಬೆಟ್ಟಗಳಲ್ಲಿ ಚಾರಣ ಹೊರಟರೆ ಗುಡಾರ, ಅಕ್ಕಿ, ಬೇಳೆ, ಹೊದಿಕೆ, ನೀರು ಎಲ್ಲವೂ ಬೆನ್ನ ಮೇಲೆಯೇ. 1 ಲೀಟರ್ ನೀರೆಂದರೆ 1 ಕಿಲೋಗ್ರಾಂ ಭಾರ. ಸುಮಾರು 1,700 ಮೀಟರ್ ಎತ್ತರದ ಕುಮಾರಪರ್ವತದಂತಹ ಕಡಿದಾದ ದಾರಿಯಲ್ಲಿ ಚೀಲ ಹಿಂದಕ್ಕೆ ಎಳೆದು ಕಾಲು ಜಾರಿದರೆ ಪ್ರಾಣಕ್ಕೇ ಅಪಾಯ.

ಆದ್ದರಿಂದ ಚೀಲ ತುಂಬುವುದರಲ್ಲಿಯೂ ವಿಜ್ಞಾನವಿದೆ. ಹಗುರವಾದ ಹೊದಿಕೆ ತಳದಲ್ಲಿ, ಅಕ್ಕಿ, ನೀರಿನಂತಹ ಭಾರದ ಸಾಮಾನು ನಡುಭಾಗದಲ್ಲಿ, ಬೆನ್ನಿಗೆ ಅಂಟಿಕೊಂಡಂತೆ, ಬಟ್ಟೆಗಳು ಹೊರಬದಿಗೆ. ಭಾರ ಬೆನ್ನಿಗೆ ಹತ್ತಿರವಿದ್ದಷ್ಟೂ ಗುರುತ್ವ ಕೇಂದ್ರ ಕಡಿಮೆ ಸರಿಯುತ್ತದೆ. ಸೊಂಟದ ಪಟ್ಟಿಯನ್ನು ಬಿಗಿದರೆ ಹೆಚ್ಚಿನ ಭಾರವನ್ನು ಸೊಂಟದ ಮೂಳೆಗಳು ಹೊರುತ್ತವೆ. ಹೆಗಲಿಗೆ ನೋವು ಕಡಿಮೆ.

ನೀವೇ ಮಾಡಿ ನೋಡಿ: ನಿಮ್ಮ ಶಾಲಾ ಚೀಲದಲ್ಲಿ ದಪ್ಪ ಪುಸ್ತಕಗಳನ್ನು ಮೊದಲು ಹೊರಬದಿಗೆ ಇಟ್ಟು ಹತ್ತು ಹೆಜ್ಜೆ ನಡೆಯಿರಿ. ನಂತರ ಅವನ್ನೇ ಬೆನ್ನಿನ ಬದಿಗೆ ಇಟ್ಟು ನಡೆಯಿರಿ. ಯಾವಾಗ ಹೆಚ್ಚು ಬಾಗಿದಿರಿ? ಗೆಳೆಯರನ್ನು ಕೇಳಿ, ಬರೆದಿಡಿ.