ವೀಕೆಂಡ್‌ಗೆ ಜಲಪಾತ: ಹೊರಡೋ ಮೊದಲು ಲಿಂಗನಮಕ್ಕಿ ಮಟ್ಟ ನೋಡಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಈ ಸಂಚಿಕೆ ಶುರುವಾಗಿದ್ದು ಒಂದು ವಾಯ್ಸ್ ನೋಟ್‌ನಿಂದ. ಭದ್ರಾವತಿಯ ಕೇಳುಗರೊಬ್ಬರು ಕಳಿಸಿದ್ದು. "ಅಣ್ಣಾ, ನನ್ನ ಫೀಡ್ ತುಂಬಾ ಚೀನಾದ ಹಳ್ಳಿ, ಜಲಪಾತದ ರೀಲ್ಸೇ ಬರ್ತಿವೆ. ಗುಯಿಝೌ ಅಂತೆ. ಎರಡು ದಿನಕ್ಕೆ ಹೋಗಿ ಬರೋಕೆ ಎಷ್ಟಾಗುತ್ತೆ?"

ಎರಡು ದಿನಕ್ಕೆ ಆಗಲ್ಲ ಮಾರಾಯ. ಪಾಸ್‌ಪೋರ್ಟ್, ವೀಸಾ, ವಿಮಾನ ಎಲ್ಲ ಸೇರಿದ್ರೆ ಹೋಗೋದಕ್ಕೇ ವೀಕೆಂಡ್ ಮುಗಿದಿರುತ್ತೆ. ಆದ್ರೆ ಆ ರೀಲ್ಸ್‌ಲ್ಲಿ ಬರೋ ಹುವಾಂಗ್‌ಗುವೋಶು ಜಲಪಾತ ನೋಡಿದೆ, ಚೆನ್ನಾಗಿದೆ. ದಕ್ಷಿಣ ಚೀನಾದ ಅತಿ ಪ್ರಸಿದ್ಧ ಜಲಪಾತ ಅದು, ಎತ್ತರ ಸುಮಾರು 78 ಮೀಟರ್. ನಮ್ಮ ಜೋಗ ಎಷ್ಟು ಗೊತ್ತಾ? 253 ಮೀಟರ್. ಮೂರು ಪಟ್ಟು ಮೀರುತ್ತೆ. ಶಿವಮೊಗ್ಗದಿಂದ ನೂರು ಕಿಲೋಮೀಟರ್ ಅಷ್ಟೇ ದೂರ. ಹಾಗಿದ್ದೂ ಅರ್ಧಕ್ಕರ್ಧ ಜನ ಜೋಗಕ್ಕೆ ಹೋಗಿ "ಏನೂ ಕಾಣ್ಲಿಲ್ಲ" ಅಂತ ವಾಪಸ್ ಬರ್ತಾರೆ. ಆ ಪಟ್ಟಿಯಲ್ಲಿ ನಾನೂ ಇದ್ದೀನಿ.

ಕೆಲವು ವರ್ಷದ ಹಿಂದೆ, ಜುಲೈ ತಿಂಗಳ ಒಂದು ಭಾನುವಾರ. ಎರಡು ಬೈಕು, ನಾಲ್ಕು ಜನ. ಮಳೆಯಲ್ಲಿ ನೆನೆದು ಜೋಗ ತಲುಪಿದ್ವಿ. ಎದುರಿಗೆ ಬಿಳಿ ಗೋಡೆ. ಮಂಜು. ಶಬ್ದ ಮಾತ್ರ ಕೇಳುತ್ತೆ, ಜಲಪಾತ ಇಲ್ಲ. ಟೀ ಅಂಗಡಿಯವರು ಹೇಳಿದ್ರು, "ಕಾಯ್ರಿ ತಮ್ಮಾ, ಗಾಳಿ ಬಂದ್ರೆ ಪರದೆ ತೆಗೀತದೆ." ಒಂದೂವರೆ ಗಂಟೆ ಕಾದ್ವಿ. ಪರದೆ ತೆಗೀತು, ಒಂದರ್ಧ ನಿಮಿಷ. ನಾಲ್ಕೂ ಜನರ ಫೋನು ಪ್ಲಾಸ್ಟಿಕ್ ಕವರಿನ ಒಳಗಿತ್ತು.

ಆಮೇಲೆ ಮನೆಗೆ ಬಂದು ಓದಿದೆ. ಜೋಗ ಯಾವಾಗ ತುಂಬಿ ಬೀಳುತ್ತೆ ಅನ್ನೋದು ಬರೀ ಮಳೆಯ ಲೆಕ್ಕ ಅಲ್ಲ, ಅಣೆಕಟ್ಟಿನ ಲೆಕ್ಕ. ಜಲಪಾತಕ್ಕಿಂತ ಸ್ವಲ್ಪ ಮೇಲೆ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟಿದೆ, 1964ರದ್ದು. ಮಳೆಗಾಲದ ನೀರು ಮೊದಲು ಅಲ್ಲಿ ನಿಲ್ಲುತ್ತೆ. ಅಲ್ಲಿಂದ ತಳಕಳಲೆ ಜಲಾಶಯಕ್ಕೆ, ಆಮೇಲೆ ದೊಡ್ಡ ಪೈಪುಗಳಲ್ಲಿ ಇಳಿದು ಶರಾವತಿ ವಿದ್ಯುದಾಗಾರಕ್ಕೆ ಹೋಗುತ್ತೆ. 1035 ಮೆಗಾವಾಟ್ ಸಾಮರ್ಥ್ಯದ್ದು ಅದು. ಅಂದ್ರೆ ಆ ನೀರು ಜಲಪಾತವನ್ನು ಮುಟ್ಟದೇ ಬಳಸಿಕೊಂಡು ಇಳಿಯುತ್ತೆ. ಜೂನ್, ಜುಲೈನಲ್ಲಿ ರಾಜ, ರಾಣಿ, ರೋರರ್, ರಾಕೆಟ್ ಅಂತ ನಾವು ನೋಡೋದು ಹೆಚ್ಚಾಗಿ ಅಣೆಕಟ್ಟಿನ ಕೆಳಗೆ, ಜೋಗದ ಸುತ್ತಮುತ್ತ ಬಿದ್ದ ಮಳೆಯ ನೀರು.

ಇಲ್ಲೊಂದು ತಮಾಷೆ. 2024ರಲ್ಲಿ ಚೀನಾದ ಹೆನಾನ್ ಪ್ರಾಂತ್ಯದ ಯುಂತಾಯ್ ಜಲಪಾತದ ಮೇಲೆ ಹತ್ತಿದವನೊಬ್ಬ, ಅಲ್ಲೊಂದು ಪೈಪು ನೀರು ಸುರಿಸ್ತಿರೋದನ್ನ ವಿಡಿಯೋ ಮಾಡಿ ಹಾಕಿದ್ದ. ಬೇಸಿಗೆಯಲ್ಲಿ ನೀರು ಕಮ್ಮಿ ಅಂತ ಅಲ್ಲಿಯವರು ಪೈಪ್ ಹಾಕಿದ್ರಂತೆ, ಒಪ್ಪಿಕೊಂಡ್ರು. ನಮ್ಮಲ್ಲಿ ಉಲ್ಟಾ: ಪೈಪು ಜಲಪಾತದ ನೀರನ್ನು ತೆಗೆದುಕೊಂಡು ಹೋಗುತ್ತೆ. ಬೈಯೋದಕ್ಕೆ ಹೇಳ್ತಿಲ್ಲ, ನನ್ನ ಫೋನೂ ಆ ಕರೆಂಟಲ್ಲೇ ಚಾರ್ಜ್ ಆಗೋದು.

ಹಾಗಾಗಿ ಹೊರಡೋ ಮೊದಲು ನೋಡಬೇಕಾದ ಒಂದೇ ಒಂದು ಸಂಖ್ಯೆ: ಲಿಂಗನಮಕ್ಕಿ ಮಟ್ಟ. ಪೂರ್ಣ ಮಟ್ಟ 1819 ಅಡಿ. ಮಳೆಗಾಲದಲ್ಲಿ ಶಿವಮೊಗ್ಗದ ಪತ್ರಿಕೆಗಳು, ಸ್ಥಳೀಯ ಸುದ್ದಿ ಪೇಜುಗಳು ಇದನ್ನ ದಿನಾ ಹಾಕ್ತವೆ. 1790 ಇದ್ರೆ ಅಣೆಕಟ್ಟಿನ ನೀರು ಜೋಗಕ್ಕೆ ಬರಲ್ಲ. ಪೂರ್ಣ ಮಟ್ಟದ ಹತ್ತಿರ ಬಂದು, ಒಳಹರಿವು ಜೋರಿದ್ದು, "ಗೇಟ್ ತೆರೆಯುವ ಸಾಧ್ಯತೆ, ನದಿ ಪಾತ್ರದ ಜನರಿಗೆ ಎಚ್ಚರಿಕೆ" ಅನ್ನೋ ಸುದ್ದಿ ಬಂತು ಅಂದ್ರೆ ರಜೆ ಹಾಕಿ. ಸಾಮಾನ್ಯವಾಗಿ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ. ಮಳೆ ಕೈಕೊಟ್ಟ ವರ್ಷ ಗೇಟ್ ತೆಗೆಯೋದೇ ಇಲ್ಲ. ಗೇಟ್ ಯೋಗ ಇಲ್ಲದಿದ್ರೂ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಶುರು ಒಳ್ಳೇದು. ಮಂಜು ಕಮ್ಮಿ, ನೀರು ಇನ್ನೂ ಇರುತ್ತೆ. ಇನ್ನೊಂದು, ಜಾಗ ತೆರೆದಿದೆಯಾ ಅಂತಲೂ ಕೇಳಿಕೊಳ್ಳಿ. 2025ರ ಮೊದಲ ತಿಂಗಳುಗಳಲ್ಲಿ ಕಾಮಗಾರಿ ಅಂತ ಪ್ರವಾಸಿಗರನ್ನ ಒಳಗೇ ಬಿಟ್ಟಿರಲಿಲ್ಲ. ಗೊತ್ತಿಲ್ಲದೆ ಗೇಟಿನವರೆಗೆ ಹೋಗಿ ಬಂದವರು ಎಷ್ಟೋ ಜನ.

ಈಗ ದಾರಿ. ಎಲ್ಲರೂ ಭಾನುವಾರ ಬೆಳಿಗ್ಗೆ ಹೊರಟು ಹನ್ನೊಂದೂವರೆಗೆ ಜೋಗ ತಲುಪ್ತಾರೆ. ಪಾರ್ಕಿಂಗ್‌ನಲ್ಲೇ ಅರ್ಧ ಗಂಟೆ. ನೀವು ಶನಿವಾರ ಹೊರಡಿ, ಹಳ್ಳಿಗಳನ್ನ ಮೊದಲು ನೋಡಿ, ಸಾಗರದ ಸುತ್ತ ಎಲ್ಲಾದ್ರೂ ಉಳಿದು, ಭಾನುವಾರ ಬೆಳಗ್ಗೇನೇ ಜೋಗದಲ್ಲಿರಿ. ಸಾಗರದಿಂದ ಅಲ್ಲಿಗೆ ಮೂವತ್ತೇ ಕಿಲೋಮೀಟರ್.

ರೈಲಲ್ಲೂ ಹೋಗಬಹುದು ಅನ್ನೋದು ಭದ್ರಾವತಿಯ ಎಷ್ಟೋ ಹುಡುಗರಿಗೆ ಹೊಳೆದೇ ಇಲ್ಲ. ತಾಳಗುಪ್ಪಕ್ಕೆ ಹೋಗೋ ರೈಲುಗಳು ನಮ್ಮ ಭದ್ರಾವತಿ, ಶಿವಮೊಗ್ಗ, ಕುಂಸಿ, ಆನಂದಪುರ, ಸಾಗರ ಮೇಲೇ ಹೋಗ್ತವೆ. ಮೈಸೂರಿಂದ ರಾತ್ರಿ ಹೊರಡೋದು ಬೆಳಗಿನ ಜಾವ ನಮ್ಮ ಕಡೆ ಬರುತ್ತೆ. ತಾಳಗುಪ್ಪದಿಂದ ಜೋಗಕ್ಕೆ ಬಸ್ಸಲ್ಲೋ ಆಟೋದಲ್ಲೋ ಹೋಗಬಹುದು, ಹದಿನೈದು ಕಿಲೋಮೀಟರ್ ಒಳಗೆ. ವೇಳೆ ಮಾತ್ರ ಆ್ಯಪ್‌ನಲ್ಲಿ ನೋಡಿಕೊಂಡೇ ಹೊರಡಿ.

ಬಸ್ಸಿನ ವಿಷಯದಲ್ಲಿ ಹುಡುಗಿಯರಿಗೆ ಒಂದು ಮಾತು. ಶಕ್ತಿ ಯೋಜನೆ, 2023ರ ಜೂನ್ 11ರಿಂದ ಇರೋದು, ಸರ್ಕಾರಿ ಸಾಮಾನ್ಯ ಬಸ್ಸುಗಳಿಗೆ ಮಾತ್ರ. ನಮ್ಮ ಮಲೆನಾಡಲ್ಲಿ ಓಡೋದು ಬಹಳಷ್ಟು ಖಾಸಗಿ ಬಸ್ಸು. ಮೂವರು ಹುಡುಗಿಯರು ಆಧಾರ್ ಹಿಡಿದು ಖಾಸಗಿ ಬಸ್ ಹತ್ತಿದ್ರೆ ಟಿಕೆಟ್ ತಗೊಳ್ಳಲೇಬೇಕು. ಬಜೆಟ್ ಹಾಕುವಾಗ "ನಮಗೆ ಫ್ರೀ" ಅಂತ ಬರೆದುಕೊಳ್ಳೋ ಮೊದಲು ಯಾವ ಬಸ್ಸು ಅಂತ ನೋಡಿ.

ಬೈಕ್ ಲೆಕ್ಕ ನಾನು ಹಾಕಿಕೊಟ್ಟೆ, ಬಿಕಾಂ ಓದಿದ್ದು ಅದಕ್ಕಾದ್ರೂ ಬರಲಿ. ಶಿವಮೊಗ್ಗ, ಸಾಗರ, ಇಕ್ಕೇರಿ, ಹೆಗ್ಗೋಡು, ಕೆಳದಿ, ಜೋಗ, ವಾಪಸ್ಸು: ಸುಮಾರು 260 ಕಿ.ಮೀ. ಬೈಕು ಲೀಟರಿಗೆ 40 ಕೊಟ್ರೆ ಆರೂವರೆ ಲೀಟರ್. ಲೀಟರಿಗೆ 103 ರೂಪಾಯಿ ಅಂತ ಹಿಡಿದ್ರೆ 670 ರೂಪಾಯಿ, ಇಬ್ಬರಿಗೆ ಹಂಚಿದ್ರೆ ತಲಾ 335. ಭದ್ರಾವತಿಯಿಂದ ಹೊರಡೋರು ಇನ್ನು ನಲವತ್ತು ಕಿಲೋಮೀಟರ್ ಸೇರಿಸಿಕೊಳ್ಳಿ. ಊಟ, ವಸತಿ ನಿಮ್ಮ ನಾಲಿಗೆ ಮೇಲೆ ಹೋಗುತ್ತೆ. ನೋಟು ಇಟ್ಟುಕೊಳ್ಳಿ, ಕೈಯಲ್ಲಿ ಒಂದೆರಡು ಸಾವಿರ. ಕ್ಯೂಆರ್ ಕೋಡ್ ಎಲ್ಲಾ ಕಡೆ ಅಂಟಿಸಿರ್ತಾರೆ, ನೆಟ್‌ವರ್ಕ್ ಇರಬೇಕಲ್ಲ. ಮ್ಯಾಪ್ ಕೂಡ ಊರಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೊರಡಿ.

ಹೋಂಸ್ಟೇಗೆ ಅಡ್ವಾನ್ಸ್ ಹಾಕೋ ಮುಂಚೆ ಫೋನ್ ಮಾಡಿ ಮಾತಾಡಿ. ನಾನೊಮ್ಮೆ ಫೋಟೋ ನೋಡಿ ದುಡ್ಡು ಹಾಕಿದ್ದೆ. "ಜಲಪಾತದ ಪಕ್ಕ" ಅಂತಿತ್ತು. ಹೋಗಿ ನೋಡಿದ್ರೆ ಜಲಪಾತ ಹದಿನಾಲ್ಕು ಕಿಲೋಮೀಟರ್ ದೂರ, ಫೋಟೋದಲ್ಲಿದ್ದ ಮನೆಯೇ ಬೇರೆ. ದುಡ್ಡು ವಾಪಸ್ ಬರಲಿಲ್ಲ. ಈಗ ನಾನು ಕೇಳೋದು ಎರಡೇ ಪ್ರಶ್ನೆ: ಹತ್ತಿರದ ಬಸ್ ಸ್ಟಾಪ್ ಯಾವುದು, ರಾತ್ರಿ ಊಟಕ್ಕೆ ಏನ್ ಮಾಡ್ತೀರಿ? ನಿಜವಾದ ಮನೆಯವರು "ತಂಬುಳಿ ತಿಂತೀರಾ? ಮಳೆಗಾಲ ಅಲ್ವಾ, ಪತ್ರೊಡೆ ಮಾಡೋಣ" ಅಂತ ಶುರು ಮಾಡ್ತಾರೆ. ಅಡಿಕೆ ಕೊಯ್ಲಿನ ಹೊತ್ತಲ್ಲಿ ಹೋದ್ರೆ ಮನೆಯವರಿಗೆ ಮಾತಾಡೋಕೂ ಪುರುಸೊತ್ತಿರಲ್ಲ, ಅದು ನೆನಪಿರಲಿ.

ಹಳ್ಳಿ ಅಂದ್ರೆ ಬರೀ ಬ್ಯಾಕ್‌ಗ್ರೌಂಡ್ ಅಲ್ಲ. ಹೆಗ್ಗೋಡಿನಲ್ಲಿ ನೀನಾಸಂ ಇದೆ, 1949ರಲ್ಲಿ ಶುರುವಾಗಿದ್ದು. ಅದನ್ನ ಕಟ್ಟಿದ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ನಾಟಕ ಇರೋ ದಿನ ನೋಡಿಕೊಂಡು ಹೋದ್ರೆ ಶನಿವಾರ ಸಂಜೆ ಅಲ್ಲೇ ಕಳೆಯುತ್ತೆ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಕ್ಕೆ ಜನ ಕಮ್ಮಿ, ಅದೇ ಅದರ ಚಂದ. ಶಿವಮೊಗ್ಗದ ಪಕ್ಕದ ಮತ್ತೂರಿಗೆ ಹೋಗಿ "ಸಾರ್, ಸಂಸ್ಕೃತದಲ್ಲಿ ಏನಾದ್ರೂ ಮಾತಾಡಿ, ರೀಲ್ ಮಾಡ್ತೀವಿ" ಅನ್ನೋರನ್ನ ಕಂಡಾಗ ನನಗೆ ನಾಚಿಕೆ ಆಗುತ್ತೆ. ಅವರು ಪಾತ್ರಧಾರಿಗಳಲ್ಲ, ತೋಟಕ್ಕೆ ಹೊರಟ ಜನ.

ಲಿಂಗನಮಕ್ಕಿ ಹಿನ್ನೀರಿನ ಆಚೆಯ ತುಮರಿ ಕಡೆಯ ಹಳ್ಳಿಗಳ ಕಥೆ ಗೊತ್ತಿದ್ದು ಹೋಗಿ. ಅಣೆಕಟ್ಟು ಬಂದಾಗ ಅವರ ರಸ್ತೆ ಮುಳುಗಿತು. ಆರು ದಶಕ ಸಾಗರಕ್ಕೆ ಬರಬೇಕಂದ್ರೆ ಒಂದೋ ಲಾಂಚ್, ಇಲ್ಲಾಂದ್ರೆ ದೂರದ ಸುತ್ತು. ರಾತ್ರಿ ಹೆರಿಗೆ ನೋವು ಬಂದ್ರೂ ಅದೇ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೀತು. ನಮಗದು ಸಿಗಂದೂರಿಗೆ ಹೋಗೋ ಸೆಲ್ಫಿ ಪಾಯಿಂಟು, ಅವರಿಗೆ ಅದು ಆಸ್ಪತ್ರೆ ದಾರಿ. ಸೇತುವೆ ಮಧ್ಯೆ ಕಾರು ನಿಲ್ಲಿಸಬೇಡಿ.

ಭದ್ರಾವತಿಯವರಿಗೆ ಇನ್ನೊಂದು ದಿಕ್ಕಿದೆ, ತರೀಕೆರೆ ಮೇಲೆ. ಲಿಂಗದಹಳ್ಳಿ ದಾಟಿ ಕಲ್ಲತ್ತಿಗಿರಿ, ಮೇಲೆ ಕೆಮ್ಮಣ್ಣುಗುಂಡಿ. ಒಂದು ಕಾಲಕ್ಕೆ ನಮ್ಮ ಕಬ್ಬಿಣದ ಕಾರ್ಖಾನೆಗೆ ಅದಿರು ಬರ್ತಿದ್ದಿದ್ದು ಅದೇ ಬೆಟ್ಟದಿಂದ. ಹೆಬ್ಬೆ ಜಲಪಾತ ಆ ಕಡೆಯದ್ದೇ, ಕಾಡಿನೊಳಗೆ. ಜೀಪ್ ಮತ್ತು ಅರಣ್ಯ ಇಲಾಖೆಯ ಅನುಮತಿ ಬೇಕು. ಒಂದೇ ದಿನ ಇದೆ ಅನ್ನೋರಿಗೆ ಇದು ಸರಿ. ಆಗುಂಬೆ ಕಡೆಗೆ ಬೇರೆ ಸಂಚಿಕೆಯೇ ಬೇಕು. ಕುಂಚಿಕಲ್ 455 ಮೀಟರ್, ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಬರೋ ಹೆಸರು, ಆದ್ರೆ ಅದು ವಾರಾಹಿ ವಿದ್ಯುತ್ ಯೋಜನೆಯ ನಿರ್ಬಂಧಿತ ಪ್ರದೇಶದಲ್ಲಿದೆ. ಪಾಸ್ ಇಲ್ಲದೆ ಹೋಗಿ ಗೇಟ್ ನೋಡಿ ಬರಬೇಡಿ.

ಈಗ ಒಂದು ಕಷ್ಟದ ವಿಷಯ. 2023ರ ಮಳೆಗಾಲದಲ್ಲಿ, ಕೊಲ್ಲೂರಿನ ಹತ್ತಿರದ ಅರಶಿನಗುಂಡಿ ಜಲಪಾತದ ಬಂಡೆ ಮೇಲೆ ನಿಂತಿದ್ದ ನಮ್ಮ ಭದ್ರಾವತಿ ಕಡೆಯ ಹುಡುಗನೊಬ್ಬ ಕಾಲು ಜಾರಿ ಬಿದ್ದ. ಗೆಳೆಯ ವಿಡಿಯೋ ಮಾಡ್ತಿದ್ದ. ಸಿಗೋಕೆ ಸುಮಾರು ಒಂದು ವಾರ ಬೇಕಾಯ್ತು. ಆ ವಿಡಿಯೋ ನಿಮ್ಮೆಲ್ಲರ ಫೋನಿಗೂ ಬಂದಿರುತ್ತೆ, ನನಗೂ ಬಂದಿತ್ತು. ಫಾರ್ವರ್ಡ್ ಮಾಡಿದವರನ್ನ ನಾನು ಬೈಯಲ್ಲ. ಆದ್ರೆ ಅದರಲ್ಲಿ ನೋಡಬೇಕಿದ್ದ ಒಂದು ವಿಷಯ ಇದೆ: ಅವನು ನೀರಿಗೆ ಇಳಿದಿರಲಿಲ್ಲ, ಕುಣಿಯುತ್ತಿರಲಿಲ್ಲ. ಸುಮ್ಮನೆ ನಿಂತಿದ್ದ.

ಮಳೆಗಾಲದ ಬಂಡೆ ಒಣಗಿದ ಹಾಗೆ ಕಂಡ್ರೂ ಮೇಲೆ ತೆಳು ಪಾಚಿ ಇರುತ್ತೆ. ಶೂ ಎಷ್ಟೇ ದುಬಾರಿ ಇರಲಿ, ಹಿಡಿಯಲ್ಲ. ಬಿದ್ದ ಮೇಲೆ ಈಜು ಬರುತ್ತೆ ಅನ್ನೋದೂ ಅಲ್ಲಿ ಕೆಲಸಕ್ಕೆ ಬರಲ್ಲ. ಜಲಪಾತದ ಬುಡದ ಬಿಳಿ ನೊರೆ ಅಂದ್ರೆ ಅರ್ಧ ಗಾಳಿ. ಗಾಳಿ ತುಂಬಿದ ನೀರು ದೇಹವನ್ನು ತೇಲಿಸಲ್ಲ, ಕೆಳಗೆ ಸುಳಿ ಬೇರೆ ಎಳೆಯುತ್ತೆ. ಮತ್ತೆ, ನೀವಿರೋ ಕಡೆ ಬಿಸಿಲಿದ್ರೂ ಮೇಲಿನ ಗುಡ್ಡದಲ್ಲಿ ಮಳೆ ಹೊಯ್ದಿರಬಹುದು. ತಿಳಿ ನೀರು ಕೆಂಪಾಯ್ತು, ಎಲೆ, ಕಡ್ಡಿ ತೇಲಿ ಬರೋಕೆ ಶುರುವಾಯ್ತು, ಸದ್ದು ದಪ್ಪ ಆಯ್ತು ಅಂದ್ರೆ ಬ್ಯಾಗು, ಚಪ್ಪಲಿ ಹುಡುಕಬೇಡಿ, ಮೇಲೆ ಹತ್ತಿ. ಊರಿನವರು "ಅಲ್ಲಿ ಹೋಗ್ಬ್ಯಾಡಿ ಮಾರಾಯ್ರೆ" ಅಂದ್ರೆ ಅದು ಸಲಹೆ ಅಲ್ಲ, ಅವರು ಕಂಡಿದ್ದು. ಏನಾದ್ರೂ ಆದ್ರೆ 112. ಸಿಗ್ನಲ್ ಇಲ್ಲದಿದ್ರೆ ಒಬ್ಬರು ರಸ್ತೆಗೆ ಓಡಬೇಕು. ಅದಕ್ಕೇ ಇಬ್ಬರೇ ಹೋಗಬೇಡಿ, ಯಾವ ಜಾಗಕ್ಕೆ ಹೋಗ್ತಿದ್ದೀವಿ ಅಂತ ಮನೆಯಲ್ಲಿ ನಿಜ ಹೇಳಿ ಹೊರಡಿ. "ಫ್ರೆಂಡ್ ಮನೆಗೆ" ಅಂತ ಹೇಳಿ ಹೊರಟವರನ್ನ ಎಲ್ಲಿ ಅಂತ ಹುಡುಕ್ತಾರೆ?

ಮಳೆಗಾಲ ಮುಗಿದ್ರೆ ಇಂಬಳ ಹೋಗುತ್ತೆ, ಇಂಬಳ ಬರೀ ರಕ್ತ ಕುಡಿಯುತ್ತೆ, ಸಾಯಿಸಲ್ಲ. ಹೆದರಬೇಕಾದ್ದು ಉಣುಗಿಗೆ. ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು 1957ರಲ್ಲಿ, ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಜೋರಿರೋದು ಡಿಸೆಂಬರಿಂದ ಮೇವರೆಗೆ. 2018–19ರಲ್ಲಿ ಜೋಗಕ್ಕೆ ಹತ್ತಿರದ ಅರಳಗೋಡಿನಲ್ಲಿ ಇದರಿಂದ ಜನ ಸತ್ತರು. ಆ ತಿಂಗಳಲ್ಲಿ ಕಾಡಿನ ಕಾಲುದಾರಿ ಬಿಡಿ, ತರಗೆಲೆ ಮೇಲೆ ಕೂರಬೇಡಿ, ಉದ್ದ ಪ್ಯಾಂಟು ಹಾಕಿ. ಸತ್ತ ಮಂಗ ಕಂಡ್ರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೋ ಪಂಚಾಯ್ತಿಗೋ ಹೇಳಿ. ಬಂದ ಮೇಲೆ ಒಂದು ವಾರದಲ್ಲಿ ಜೋರು ಜ್ವರ, ಮೈಕೈ ನೋವು ಬಂದ್ರೆ ಡಾಕ್ಟರಿಗೆ "ಸಾಗರದ ಕಾಡಿಗೆ ಹೋಗಿದ್ದೆ" ಅಂತ ನೀವಾಗೇ ಹೇಳಿ. ಅವರು ಕೇಳದೇ ಇರಬಹುದು.

ವಾಯ್ಸ್ ನೋಟ್ ಕಳಿಸಿದವರಿಗೆ ಇದನ್ನೇ ಚಿಕ್ಕದಾಗಿ ಹೇಳಿದೆ. "ಹಾಗಾದ್ರೆ ಈ ಶನಿವಾರ ಹೊರಡ್ತೀವಿ ಅಣ್ಣ" ಅಂದ್ರು. ಮಟ್ಟ ಎಷ್ಟಿದೆ ಅಂತ ಕೇಳಿದೆ. ಎರಡು ನಿಮಿಷ ಬಿಟ್ಟು ಪತ್ರಿಕೆಯ ಫೋಟೋ ಬಂತು: 1801. ಮುಂದಿನ ತಿಂಗಳಿಗೆ ಹಾಕಿಕೊಂಡ್ರು. ಈ ವಾರ ಕಲ್ಲತ್ತಿಗಿರಿಗೆ ಹೋಗಿ ಬರ್ತಾರಂತೆ.