ಹಾಡಿನ ನಡುವೆ ಮಾತು: ಸ್ವರಲಿಪಿಯಲ್ಲಿ ನಿರೂಪಣೆಗೆ ಜಾಗ ಎಲ್ಲಿ?

ಹಾಸನ: ಹರಿಕಥೆಯಲ್ಲಿ ಹಾಡು ನಿಂತಲ್ಲಿ ಮಾತು ಆರಂಭವಾಗುತ್ತದೆ, ಮಾತು ನಿಂತಲ್ಲಿ ಹಾಡು. ಗಮಕದಲ್ಲಿ ವಾಚನದ ಬೆನ್ನಿಗೇ ವ್ಯಾಖ್ಯಾನ. ಆಕಾಶವಾಣಿಯ ಸಂಗೀತ ರೂಪಕಗಳಲ್ಲಂತೂ ಒಂದು ಹಾಡನ್ನು ಇನ್ನೊಂದಕ್ಕೆ ಬೆಸೆಯುವ ದಾರವೇ ನಿರೂಪಕನ ದನಿ. ಆದರೆ ಇವನ್ನು ಬರಹಕ್ಕೆ ಇಳಿಸುವಾಗ ಸ್ವರ ಒಂದು ಪುಸ್ತಕದಲ್ಲಿ, ಸಾಹಿತ್ಯ ಇನ್ನೊಂದರಲ್ಲಿ, ನಿರೂಪಣೆ ಬಿಡಿ ಹಾಳೆಗಳಲ್ಲಿ ಉಳಿಯುವುದೇ ಹೆಚ್ಚು. ಪ್ರದರ್ಶನ ಕಟ್ಟಿದವರು ಜೊತೆಗಿರುವವರೆಗೆ ಇದು ತೊಡಕೆನಿಸದು. ಅವರ ನಂತರ ಯಾವ ಮಾತಿಗೆ ಯಾವ ಹಾಡು ಎತ್ತಿಕೊಳ್ಳಬೇಕೆಂದು ಹೇಳುವವರು ಇರುವುದಿಲ್ಲ. ಸ್ವರ, ಸಾಹಿತ್ಯ, ನಿರೂಪಣೆ ಮೂರನ್ನೂ ಒಂದೇ ಪುಟಕ್ಕೆ ತರಲು ಇಂದು ಸ್ವರಲಿಪಿ ತಂತ್ರಾಂಶಗಳು ನೆರವಾಗುತ್ತವೆ.

ಹಾಸನ ಜಿಲ್ಲೆಗೆ ಈ ವಿಷಯ ಹೊರಗಿನದಲ್ಲ. ಅರಕಲಗೂಡು ತಾಲ್ಲೂಕಿನ ಕಾವೇರಿ ತೀರದ ರುದ್ರಪಟ್ಟಣ ಸಂಗೀತಗಾರರ ಊರೆಂದೇ ಹೆಸರುವಾಸಿ. ಪದ್ಮಭೂಷಣ ಆರ್.ಕೆ. ಶ್ರೀಕಂಠನ್ (1920–2014) ಹುಟ್ಟಿದ್ದು ಇಲ್ಲಿ. ಅವರು ದೀರ್ಘ ಕಾಲ ಆಕಾಶವಾಣಿಯಲ್ಲಿ ಸೇವೆ ಸಲ್ಲಿಸಿದರು. ರುದ್ರಪಟ್ಟಣಂ ಸಹೋದರರೆಂದು ಖ್ಯಾತರಾದ ಆರ್.ಎನ್. ತ್ಯಾಗರಾಜನ್ ಮತ್ತು ಆರ್.ಎನ್. ತಾರಾನಾಥನ್ ಅವರ ಮನೆತನದ ಬೇರು ಇದೇ ಊರಿನದು. ವಿದ್ವಾನ್ ಆರ್.ಕೆ. ಪದ್ಮನಾಭ ಅವರ ಶ್ರಮದಿಂದ ತಂಬೂರಿಯ ಆಕಾರದ ಸಪ್ತಸ್ವರ ದೇವತಾ ಮಂದಿರ ಇಲ್ಲಿ ನಿಂತಿದೆ. ಹಾಸನದಲ್ಲಿ ಆಕಾಶವಾಣಿ ಕೇಂದ್ರವೂ ಇದೆ. ಹೊಳೆನರಸೀಪುರದ ಲಕ್ಷ್ಮೀನರಸಿಂಹ ದೇವಾಲಯ, ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಬಾಹುಬಲಿಯ ಕಥೆ ರೂಪಕಗಳಿಗೆ ಹೇಳಿ ಮಾಡಿಸಿದ ವಸ್ತು.

ಮಾತಿನ ಮೂರು ಸ್ಥಾನ

ನಿರೂಪಣೆ ಸಂಗೀತದೊಡನೆ ಮೂರು ಬಗೆಯಲ್ಲಿ ಸೇರುತ್ತದೆ. ಒಂದು, ಹಾಡು ಪೂರ್ತಿ ಮುಗಿದ ಮೇಲೆ ಬರುವ ಮಾತು. ಎರಡು, ಹಾಡಿನ ನಡುವೆ ವಾದ್ಯ ನಿಂತು, ಮಾತು ಮುಗಿದೊಡನೆ ಮುಂದುವರಿಯುವ ಸಂದರ್ಭ. ಮೂರು, ವಾದ್ಯ ಮೆಲ್ಲನೆ ನುಡಿಯುತ್ತಿರುವಾಗಲೇ ಅದರ ಮೇಲೆ ಸಾಗುವ ಮಾತು. ಸೋವಿಯತ್ ಸಂಗೀತಗಾರ ಪ್ರೊಕೋಫಿಯೆವ್ 1936ರಲ್ಲಿ ಮಕ್ಕಳಿಗಾಗಿ ರಚಿಸಿದ 'ಪೀಟರ್ ಅಂಡ್ ದ ವುಲ್ಫ್' ಕೃತಿಯಲ್ಲಿ ನಿರೂಪಕನ ಮಾತು ವಾದ್ಯವೃಂದದೊಡನೆ ಹೀಗೆಯೇ ಹೆಣೆದುಕೊಂಡಿದೆ. ಪ್ರತಿ ಬಗೆಗೂ ಪುಟದಲ್ಲಿ ಬೇರೆ ಬೇರೆ ಸ್ಥಾನ ಬೇಕು. ಎಲ್ಲವನ್ನೂ ಒಂದೇ ರೀತಿ ಬರೆದರೆ ವಾದ್ಯಗಾರರು ತಪ್ಪು ಜಾಗದಲ್ಲಿ ಎತ್ತಿಕೊಳ್ಳುತ್ತಾರೆ.

ಉಚಿತವಾಗಿ ದೊರೆಯುವ ಮ್ಯೂಸ್‌ಸ್ಕೋರ್ ತಂತ್ರಾಂಶದಲ್ಲಿ ಮೊದಲ ಬಗೆಗೆ ಟೆಕ್ಸ್ಟ್ ಫ್ರೇಮ್ ಸೂಕ್ತ. ಎರಡು ಸಾಲು ಸ್ವರಲಿಪಿಯ ನಡುವೆ ಇದು ಪ್ರತ್ಯೇಕ ಚೌಕಟ್ಟಾಗಿ ಕೂರುತ್ತದೆ, ಮಾತು ಬೆಳೆದಂತೆ ತಾನೂ ಬೆಳೆಯುತ್ತದೆ. ಎರಡನೆಯದಕ್ಕೆ ವಿರಾಮ ಚಿಹ್ನೆಯ ಮೇಲೆ ಫರ್ಮಾಟಾ, ಅಂದರೆ 'ಸೂಚನೆ ಬರುವವರೆಗೆ ತಡೆ' ಎಂಬ ಗುರುತು ಹಾಕಿ, ಅದರ ಮೇಲೆ ನಿರೂಪಣೆಯ ಕೊನೆಯ ಮೂರು ನಾಲ್ಕು ಪದಗಳನ್ನು ಬರೆಯಬೇಕು. ಪಿಟೀಲು ಅಥವಾ ಕೊಳಲಿನವರಿಗೆ ಪೂರ್ತಿ ಮಾತು ಬೇಕಿಲ್ಲ, ಎಲ್ಲಿ ಎತ್ತಿಕೊಳ್ಳಬೇಕೆಂಬ ಸುಳಿವು ಸಾಕು.

ಇಲ್ಲಿ ಗಮನಿಸಬೇಕಾದ ವ್ಯತ್ಯಾಸವೊಂದಿದೆ. ಸ್ಟಾಫ್ ಟೆಕ್ಸ್ಟ್ ಎಂಬ ಆಯ್ಕೆಯಲ್ಲಿ ಬರೆದದ್ದು ಆ ಒಂದು ವಾದ್ಯದ ಪ್ರತಿಯಲ್ಲಿ ಮಾತ್ರ ಕಾಣಿಸುತ್ತದೆ. ಸಿಸ್ಟಂ ಟೆಕ್ಸ್ಟ್‌ನಲ್ಲಿ ಬರೆದದ್ದು ಎಲ್ಲ ವಾದ್ಯಗಳ ಪ್ರತಿಗಳಲ್ಲಿಯೂ ಬರುತ್ತದೆ. ಎಲ್ಲರೂ ಕಾಯಬೇಕಾದ ಸೂಚನೆಯನ್ನು ಮೊದಲನೆಯದರಲ್ಲಿ ಬರೆದರೆ, ಒಬ್ಬರು ನಿಂತಾಗ ಉಳಿದವರು ನುಡಿಸುತ್ತಲೇ ಇರುತ್ತಾರೆ.

ಮಾತಿಗೂ ತಾಳದ ಲೆಕ್ಕ

ಮೂರನೆಯ ಬಗೆಗೆ ಲೆಕ್ಕಾಚಾರ ಬೇಕು. ಆದಿತಾಳದ ಒಂದು ಆವರ್ತನದಲ್ಲಿ 8 ಅಕ್ಷರ. ನಿಮಿಷಕ್ಕೆ 60 ಅಕ್ಷರದ ಗತಿಯಲ್ಲಿ ಒಂದು ಆವರ್ತನಕ್ಕೆ 8 ಸೆಕೆಂಡ್ ಹಿಡಿಯುತ್ತದೆ. ಗಡಿಯಾರ ನೋಡಿಕೊಂಡು ಓದಿದಾಗ ನಿರೂಪಣೆಗೆ 24 ಸೆಕೆಂಡ್ ಆಗುವುದಾದರೆ ಮೂರು ಆವರ್ತನ ಬೇಕು. ಮಾತನ್ನು ಮೂರು ತುಂಡು ಮಾಡಿ ಆಯಾ ಆವರ್ತನದ ಆರಂಭದಲ್ಲಿ ಇರಿಸಿದರೆ ನಿರೂಪಕನಿಗೂ ತಾನು ಎಲ್ಲಿದ್ದೇನೆಂಬುದು ತಿಳಿಯುತ್ತದೆ. ವೇದಿಕೆಯಲ್ಲಿ ಓದುವ ವೇಗ ಏರುಪೇರಾಗುವ ಸಂಭವವಿದ್ದರೆ, ಒಂದೇ ಆವರ್ತನವನ್ನು ಪುನರಾವರ್ತನೆಯ ಗುರುತುಗಳ ನಡುವೆ ಇಟ್ಟು 'ಮಾತು ಮುಗಿಯುವವರೆಗೆ' ಎಂದು ಬರೆಯುವುದು ಕ್ಷೇಮ.

ಗಮಕಕ್ಕೆ ಈ ಲೆಕ್ಕ ಹೊಂದದು. ಕುಮಾರವ್ಯಾಸ ಭಾರತದ ಭಾಮಿನಿ ಷಟ್ಪದಿಗೆ ಮಾತ್ರೆಗಳ ಕಟ್ಟುನಿಟ್ಟಿನ ಲೆಕ್ಕವಿದ್ದರೂ, ಗಮಕಿ ಅದನ್ನು ರಾಗಬದ್ಧವಾಗಿ, ತಾಳದ ಹಂಗಿಲ್ಲದೆ ವಾಚಿಸುತ್ತಾರೆ. ಇಂಥಲ್ಲಿ ತಾಳದ ಗೆರೆಗಳನ್ನು ಮರೆಮಾಡಿ, ಪದ್ಯದ ಒಂದೊಂದು ಸಾಲಿಗೆ ಒಂದೊಂದು ಉದ್ದನೆಯ ಖಂಡ ಕೊಟ್ಟು, ಪದ್ಯ ಮುಗಿದಲ್ಲಿ ವ್ಯಾಖ್ಯಾನವನ್ನು ಚೌಕಟ್ಟಿನಲ್ಲಿ ಇಡಬಹುದು.

ಸರಿಗಮ ಬಲ್ಲವರಿಗೆ

ಈ ತಂತ್ರಾಂಶಗಳು ಪಾಶ್ಚಾತ್ಯರ ಐದು ಗೆರೆಯ ಲಿಪಿಗಾಗಿ ರೂಪುಗೊಂಡವು. ಸರಿಗಮ ಅಕ್ಷರಗಳಲ್ಲಿಯೇ ಓದುವ ನಮ್ಮ ಕಲಾವಿದರಿಗೆ ಅದು ಅಪರಿಚಿತ. ಹಾಡಿನ ಪದಗಳಿಗೆಂದು ಇರುವ ಲಿರಿಕ್ಸ್ ಸಾಲುಗಳಲ್ಲಿ ಮೊದಲನೆಯದಕ್ಕೆ ಸ್ವರಾಕ್ಷರ, ಎರಡನೆಯದಕ್ಕೆ ಸಾಹಿತ್ಯ ತುಂಬಿದರೆ ಕೀಬೋರ್ಡಿನವರೂ ವೀಣೆಯವರೂ ಒಂದೇ ಪುಟ ನೋಡಿ ನುಡಿಸಬಹುದು. ಪದ ಒಡೆಯುವಾಗ ಒತ್ತಕ್ಷರ ಒಡೆಯಬಾರದು. 'ಕೃಷ್ಣ' ಎಂಬುದು 'ಕೃ' ಮತ್ತು 'ಷ್ಣ' ಆಗಬೇಕೇ ಹೊರತು 'ಕೃಷ್' ಮತ್ತು 'ಣ' ಅಲ್ಲ.

ಹೆಚ್ಚಿನ ತೊಂದರೆ ಕೊಡುವುದು ಅಕ್ಷರಶೈಲಿ. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಪಠ್ಯದಲ್ಲಿ ಕನ್ನಡದ ಆಕೃತಿಯ ಹಿಂದೆ ಅಡಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅದನ್ನು ನೇರವಾಗಿ ಅಂಟಿಸಿದರೆ ಅರ್ಥವಿಲ್ಲದ ಅಕ್ಷರಗಳ ರಾಶಿ ಮೂಡುತ್ತದೆ. ಆದ್ದರಿಂದ ಮೊದಲು ಯೂನಿಕೋಡ್‌ಗೆ ಪರಿವರ್ತಿಸುವುದು ಕಡ್ಡಾಯ. ಬಳಿಕ ನೋಟೋದಂಥ ಕನ್ನಡ ಫಾಂಟನ್ನು ಆಯ್ದುಕೊಳ್ಳಬೇಕು. ಕನ್ನಡದ ಒತ್ತುಗಳು ಸಾಲಿನ ಕೆಳಗೆ ಇಳಿಯುವುದರಿಂದ ಮಾತಿಗೂ ಸ್ವರದ ಗೆರೆಗೂ ನಡುವಿನ ಅಂತರವನ್ನು ಇಂಗ್ಲಿಷಿಗಿಂತ ತುಸು ಹೆಚ್ಚಿಸಬೇಕು. ಇಲ್ಲವಾದರೆ ಒತ್ತು ಗೆರೆಯ ಮೇಲೆ ಕುಳಿತು ಓದಲಾಗದು. ಆದೇಶಗಳನ್ನು ಬೆರಳಚ್ಚಿಸಿ ಪುಟ ಪಡೆಯುವ ಲಿಲಿಪಾಂಡ್ ಎಂಬ ಮತ್ತೊಂದು ಉಚಿತ ತಂತ್ರಾಂಶವೂ ಯೂನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ. ನಿರೂಪಣೆ ದೀರ್ಘವಾಗಿರುವ ರೂಪಕಗಳಿಗೆ ಅದು ಅನುಕೂಲ.

ಉಳಿಸುವ ಬಗೆ

ತಂತ್ರಾಂಶವೂ ಶಾಶ್ವತವಲ್ಲ. ಮೂರು ದಶಕಕ್ಕೂ ಹೆಚ್ಚು ಕಾಲ ಜಗತ್ತಿನೆಲ್ಲೆಡೆ ಬಳಕೆಯಲ್ಲಿದ್ದ ಫಿನಾಲೆ ತಂತ್ರಾಂಶದ ಅಭಿವೃದ್ಧಿಯನ್ನು ನಿಲ್ಲಿಸುವುದಾಗಿ ಅದರ ಕಂಪನಿ 2024ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಆದ್ದರಿಂದ ಮೂಲ ಕಡತದ ಜೊತೆಗೆ ಪಿಡಿಎಫ್ ಪ್ರತಿ, ಬೇರೆ ತಂತ್ರಾಂಶಗಳೂ ಓದಬಲ್ಲ ಮ್ಯೂಸಿಕ್‌ಎಕ್ಸ್‌ಎಂಎಲ್ ಪ್ರತಿ ಇರಬೇಕು. ಮ್ಯೂಸಿಕ್‌ಎಕ್ಸ್‌ಎಂಎಲ್‌ನಲ್ಲಿ ಸ್ವರಗಳು ಉಳಿದರೂ ನಿರೂಪಣೆಯ ಚೌಕಟ್ಟು ಸ್ಥಾನ ತಪ್ಪಬಹುದು. ಹೀಗಾಗಿ ಮಾತನ್ನು ಎಲ್ಲಿ ಇಡಲಾಗಿತ್ತು ಎಂಬುದಕ್ಕೆ ಪಿಡಿಎಫ್ ಮತ್ತು ಒಂದು ಮುದ್ರಿತ ಪ್ರತಿಯೇ ನಂಬಿಕೆಯ ಸಾಕ್ಷಿ. ಮನೆಯ ಕಪಾಟಿನಲ್ಲಿ ಹರಿಕಥೆ, ಗಮಕ, ರೂಪಕಗಳ ಹಸ್ತಪ್ರತಿ ಇರುವವರು, ಹಾಡಿದವರು ಜೊತೆಯಲ್ಲಿರುವಾಗಲೇ ಅವರನ್ನು ಕೂರಿಸಿಕೊಂಡು ಈ ಕೆಲಸ ಮುಗಿಸುವುದು ಒಳಿತು.